ಎಂಜಿನ್ನಿನ ಉಸಿರು ಸೋಸುವ ರಾಮಲಿಂಗಂ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಅವಿನಾಶಿಯಿಂದ ತಿರುಪ್ಪೂರಿಗೆ ಹೋಗುವ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ರಾಮಲಿಂಗಂ ಹಣೆಗೆ ವಿಭೂತಿ ಹಚ್ಚಿಕೊಂಡು, ಅದೇ ಬೆರಳನ್ನು ಹೊಸದೊಂದು ಸ್ಟೀಲ್ ಡಬ್ಬಿಗೂ ಒರೆಸುತ್ತಾರೆ. ಡಬ್ಬಿ ಚೊಂಬಿನಷ್ಟು ದೊಡ್ಡದು. ಮೇಲೆ ಕೊಳವೆ ಸಿಕ್ಕಿಸಲು ಎರಡು ಮೂತಿ, ಕೆಳಗೆ ಪುಟ್ಟದೊಂದು ನಲ್ಲಿ. ಒಳಗೆ ಇಳಿಸಲು ಅವರು ಸ್ಟೀಲ್ ತಂತಿಯ ಜಾಲರಿಯನ್ನು ಸುರುಳಿ ಸುತ್ತುತ್ತಿದ್ದಾರೆ. ಆ ಬೆರಳುಗಳ ಓಟ ನೋಡಿದರೆ ಸಾಕು, ಮಗ್ಗದ ಕಂಡಿಕೆಗೆ ನೂಲು ಸುತ್ತಿದ ಮನೆಯವರೆಂದು ತಿಳಿಯುತ್ತದೆ.

“ಬಿಗೀನೂ ಇರಬಾರ್ದು, ಸಡಿಲಾನೂ ಇರಬಾರ್ದು. ಗಾಳಿ ಹೋಗ್ಬೇಕು, ಎಣ್ಣೆ ನಿಲ್ಲಬೇಕು. ಅಷ್ಟೇ ಸಾಮಿ ಇದರ ಕೆಲಸ,” ಎನ್ನುತ್ತಾರೆ.

ಅಂಗಡಿಯವರು ಇದನ್ನು ಆಯಿಲ್ ಕ್ಯಾಚ್ ಕ್ಯಾನ್ ಎನ್ನುತ್ತಾರೆ, ಇಲ್ಲಿನ ಡ್ರೈವರುಗಳಿಗೆ ಇದು ಎಣ್ಣೆ ಡಬ್ಬಿ. ಓಡುವ ಎಂಜಿನ್ನಿನ ಹೊಟ್ಟೆಯಿಂದ ಬಿಸಿಗಾಳಿ ಏಳುತ್ತದೆ, ಅದರ ಜೊತೆ ಎಣ್ಣೆಯ ಸಣ್ಣ ಹನಿಗಳೂ ಹೊರಡುತ್ತವೆ. ಒಂದು ಕೊಳವೆ ಅದನ್ನೆಲ್ಲ ಎಂಜಿನ್ ಉಸಿರೆಳೆಯುವ ದಾರಿಗೇ ತಿರುಗಿ ಕಳಿಸುತ್ತದೆ. ಡೀಸೆಲ್ ಗಾಡಿಗಳಲ್ಲಿ ಅಲ್ಲಿ ಮಸಿಯೂ ಸೇರಿಕೊಂಡು, ಹಲ್ವಾದಂತೆ ಅಂಟಿ, ದಾರಿ ಕಿರಿದಾಗುತ್ತ ಹೋಗುತ್ತದೆ. ಏರು ಬಂದರೆ ಗಾಡಿಗೆ ಏದುಸಿರು. ರಾಮಲಿಂಗಂ ಅವರ ಡಬ್ಬಿ ಆ ಕೊಳವೆಯ ನಡುವೆ ಕುಳಿತು, ಎಣ್ಣೆಯನ್ನು ತನ್ನಲ್ಲೇ ಇರಿಸಿಕೊಂಡು ಗಾಳಿಯನ್ನಷ್ಟೇ ಮುಂದೆ ಬಿಡುತ್ತದೆ.

“ಆಗ್ಲೇ ಕಟ್ಟಿದ ಮಸೀನ ಇದು ಬಿಡಿಸಲ್ಲ. ಅದ ಬಿಚ್ಚಿ ತೊಳೀಲೇಬೇಕು. ಡಬ್ಬಿ ಹಾಕಿದ್ರೆ ಗಾಡಿ ಹಾರ್ತದೆ ಅಂತ ನಾನು ಯಾರಿಗೂ ಹೇಳಿಲ್ಲ.”

ಮಾತು ಮುಗಿಯುವಷ್ಟರಲ್ಲಿ ಬಿಳಿ ವ್ಯಾನೊಂದು ಹೊಗೆ ಕಾರುತ್ತ ಶೆಡ್ಡಿನ ಮುಂದೆ ನಿಲ್ಲುತ್ತದೆ. ಡ್ರೈವರ್ ಸೀಟಿನಿಂದ ಧುಮುಕಿದವಳು ತೆನ್ಮೊಳಿ. ಸುತ್ತಲಿನ ಹಳ್ಳಿಗಳ ಹೆಂಗಸರನ್ನು ಬನಿಯನ್ ಕಂಪನಿಗೆ ಮುಟ್ಟಿಸುವುದು ಅವಳ ಕೆಲಸ.

“ಅಣ್ಣಾ! ಈ ಡಬ್ಬಿ ಹಾಕಿಸಿ ತಿಂಗಳಾಗಿಲ್ಲ, ನೋಡಿ ನನ್ನ ಗತಿಯ! ಮೊದ್ಲು ಕಿತ್ತು ಬಿಸಾಕಿ ಇದ!”

“ಬಾ ಅಮ್ಮಿಣಿ. ಇಂಜಿನ್ ಆಫ್ ಮಾಡು. ಬೈಯೋದು ಆಮೇಲೆ.”

ವ್ಯಾನಿನೊಳಗಿಂದ ಒಬ್ಬಾಕೆ ಕೂಗುತ್ತಾಳೆ: “ಗೇಟ್ ಮುಚ್ಚೋದರೊಳಗೆ ಮುಟ್ಟಿಸ್ತೀಯಾ, ಇಲ್ಲ ಇಲ್ಲೇ ಒಲೆ ಹೂಡಿ ಪೊಂಗಲ್ ಇಡೋಣವಾ?” ಎಲ್ಲರೂ ನಗುತ್ತಾರೆ. ತೆನ್ಮೊಳಿಗೆ ಮಾತ್ರ ನಗು ಬರುವುದಿಲ್ಲ. ಇನ್ನೊಮ್ಮೆ ತಡವಾದರೆ ಈ ರೂಟನ್ನು ಬೇರೆ ವ್ಯಾನಿಗೆ ಕೊಡುತ್ತೇವೆಂದು ಸೂಪರ್‌ವೈಸರ್ ಹೇಳಿಬಿಟ್ಟಿದ್ದಾನೆ. ಅವಳ ಮನೆ ನಡೆಯುವುದು ಈ ಒಂದು ರೂಟಿನಿಂದ.

ರಾಮಲಿಂಗಂ ಸೀಟಿನ ಪಕ್ಕದ ಎಂಜಿನ್ ಮುಚ್ಚಳ ಎತ್ತುತ್ತಾರೆ. ಎಣ್ಣೆ ಅಳೆಯುವ ಕಡ್ಡಿ ತನ್ನ ಜಾಗದಿಂದ ಮೇಲೆದ್ದಿದೆ. ಅಲ್ಲಿಂದ ಚಿಮ್ಮಿದ ಎಣ್ಣೆ ಸುಡುವ ಪೈಪಿನ ಮೇಲೆ ಬಿದ್ದು ಹೊಗೆಯಾಗುತ್ತಿದೆ. ಅವರು ಡಬ್ಬಿಯ ಮುಚ್ಚಳ ತಿರುಗಿಸಿ ಒಳಗೆ ಎರಡು ಬೆರಳು ಹಾಕುತ್ತಾರೆ. ಜಾಲರಿಯ ಮೇಲೆ, ಎಣ್ಣೆ ಕುಡಿದು ಗಟ್ಟಿಯಾಗಿ ಉಬ್ಬಿದ ಬನಿಯನ್ ವೇಸ್ಟ್. ತಿರುಪ್ಪೂರಿನ ಕಟಿಂಗ್ ಟೇಬಲ್ಲಿನಿಂದ ಉದುರುವ ಈ ಬಟ್ಟೆಯ ಚೂರುಗಳು ಇಲ್ಲಿ ಎಲ್ಲದಕ್ಕೂ ಒದಗುತ್ತವೆ. ಕೈ ಒರೆಸಲು ಅದೇ, ದಿಂಬಿಗೆ ತುಂಬಲು ಅದೇ, ಸೋರುವ ಪೈಪಿಗೆ ಸುತ್ತಲೂ ಅದೇ. ಹೊರಗೆ ಹೋಗಲು ದಾರಿಯಿಲ್ಲದ ಗಾಳಿ ಎಂಜಿನ್ನಿನೊಳಗೇ ಒತ್ತಿ, ಕಡ್ಡಿಯನ್ನು ಮೇಲಕ್ಕೆ ನೂಕಿದೆ.

ತೆನ್ಮೊಳಿಯ ಮುಖ ಸಪ್ಪಗಾಗುತ್ತದೆ. “ಮಾವ...” ಎಂದಷ್ಟೇ ಅನ್ನುತ್ತಾಳೆ. ದಿನಾ ಸಂಜೆ ವ್ಯಾನ್ ತೊಳೆಯುವವರು ಅವಳ ಮಾವ ಮಾರಪ್ಪನ್.

ಕಿಟಕಿಗಳಲ್ಲೆಲ್ಲ ಹೆಂಗಸರ ಮುಖಗಳು. ರಾಮಲಿಂಗಂ ಆ ಬಟ್ಟೆಯನ್ನು ಎತ್ತಿ ತೋರಿಸಿದ್ದರೆ ಅವರ ಡಬ್ಬಿಯ ಮೇಲಿನ ದೂರು ಅಲ್ಲೇ ಮುಗಿಯುತ್ತಿತ್ತು. ಅವರು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹಿಂದಿನ ಬಕೆಟ್ಟಿಗೆ ಹಾಕುತ್ತಾರೆ. “ಗಾಳಿ ಕಟ್ಕೊಂಡಿತ್ತು. ಬಿಡಿಸ್ತೀನಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ.

“ಇವತ್ತು ಡಬ್ಬಿ ಬೇಡಣ್ಣ. ನನಗೆ ಎದೆ ಹೊಡ್ಕೊಳ್ತದೆ.”

“ಸರಿ ಅಮ್ಮಿಣಿ, ಬೇಡ.”

ವಾದವಿಲ್ಲ. ಡಬ್ಬಿ ಬಿಚ್ಚಿ, ಹಳೆಯ ಕೊಳವೆಯನ್ನೇ ನೇರ ಜೋಡಿಸಿ, ಪೈಪ್ ಒರೆಸಿ, ಎಣ್ಣೆ ಸುರಿಯುತ್ತಾರೆ. ಎಂಜಿನ್ ಶುರುವಾದ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಯನ್ನು ಬಲಗಿವಿಯ ಹಿಂದಿನ ಮೂಳೆಗೆ ಇಟ್ಟು ಕಣ್ಣು ಮುಚ್ಚುತ್ತಾರೆ. ಹರೆಯದಲ್ಲಿ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದು ಅವರ ಎಡಗಿವಿ ಮಂದವಾಗಿದೆ. ಪದ್ಯವೊಂದನ್ನು ಓದುವವರ ಎದುರು ಕುಳಿತವರು ಎಲ್ಲಿ ಒಂದು ಮಾತ್ರೆ ತಪ್ಪೀತೋ ಎಂದು ಕಾಯುತ್ತಾರಲ್ಲ, ಅಂಥ ಮೌನ ಅವರ ಮುಖದಲ್ಲಿ. ಕೊನೆಗೆ ತಲೆಯಾಡಿಸುತ್ತಾರೆ. ವ್ಯಾನ್ ಹೊರಟುಹೋಗುತ್ತದೆ.

ಹೆಂಡತಿ ಶಿವಗಾಮಿ ಕಾಫಿ ತಂದು ಕೊಡುವಾಗ ಬಕೆಟ್ಟಿನ ಕಡೆ ಕಣ್ಣು ಹಾಯಿಸುತ್ತಾರೆ. “ಅದ ತೋರಿಸಕ್ಕೇನಾಗಿತ್ತು? ಟೀ ಅಂಗಡೀಲಿ ಆ ನಟರಾಜನ್ ಮೊದ್ಲೇ ನಿಮ್ಮ ಡಬ್ಬಿ ದಂಡ ಅಂತಾವ್ನೆ. ಸಂಜೆಗೆ ಊರೆಲ್ಲ ಸಾರ್ತಾನೆ.” ನಟರಾಜನ್ ಪಕ್ಕದ ವರ್ಕ್‌ಷಾಪಿನ ಮೆಕ್ಯಾನಿಕ್.

“ಆ ಹೆಂಗಸ್ರ ಮುಂದೆ ತೋರಿಸಿದ್ರೆ ಮುದುಕನ್ನ ಅವರು ಬಿಡ್ತಾರಾ? ವ್ಯಾನ್ ಹತ್ರ ಬರಕ್ಕೇ ನಾಚ್ಕೊಳ್ತಾನೆ.”

ಶಿವಗಾಮಿಗೆ ಈ ಡಬ್ಬಿಗಳ ಮೇಲೆ ಹಳೆಯ ಸಿಟ್ಟೊಂದಿದೆ. ಕೊಯಮತ್ತೂರಿನ ಉಕ್ಕಡದ ವರ್ಕ್‌ಷಾಪಿನಲ್ಲಿ ಕೆಲಸ ಕಲಿತು ಬಂದ ಗಂಡ, ಮೊದಲ ಡಬ್ಬಿ ಮಾಡಿದ್ದು ಶಿವಗಾಮಿಯೇ ಊಟ ಒಯ್ಯುತ್ತಿದ್ದ ಸ್ಟೀಲ್ ತೂಕ್ಕುಪೋಸಿಗೆ, ಆ ಹಿಡಿಯಿರುವ ಊಟದ ಡಬ್ಬಿಗೆ, ತೂತು ಕೊರೆದು. “ಹೊಸದು ಕೊಡಿಸ್ತೀನಿ ಅಂದ್ರು. ಅದಿನ್ನೂ ಬಸ್ ಹತ್ತಿಲ್ಲ,” ಎಂದು ಲೋಟ ಎತ್ತಿಕೊಂಡು ಹೋಗುತ್ತಾರೆ.

ಬೆಳಗಿನ ಉಳಿದ ಹೊತ್ತು ಡಬ್ಬಿ ಖಾಲಿ ಮಾಡಿಸಲು ಬರುವವರದು. ಬಂದವರು ಕೆಲವರೇ. ಹಾಕಿಸಿಕೊಂಡವರಲ್ಲಿ ಹೆಚ್ಚಿನವರು ಮರೆತೇಬಿಡುತ್ತಾರೆ. ರಾಮಲಿಂಗಂ ಫೋನ್ ಮಾಡಿ ಕರೆಯುತ್ತಾರೆ, ಕೆಲವೊಮ್ಮೆ ಬೈಯುತ್ತಾರೆ. ನಲ್ಲಿ ತಿರುಗಿಸಿದರೆ ಕಪ್ಪು ಎಣ್ಣೆ ಇಳಿಯುತ್ತದೆ, ಚಳಿಗಾಲದಲ್ಲಿ ನೀರೂ ಬೆರೆತು ಮಜ್ಜಿಗೆಯ ಹಾಗಿರುತ್ತದೆ. ಅದನ್ನು ಡ್ರೈವರ್ ಎದುರಿಗೇ ಇಳಿಸಬೇಕೆಂಬುದು ಅವರ ಪದ್ಧತಿ.

ಬಿಸಿಲೇರಿದ ಮೇಲೆ ಬಿಳಿ ವ್ಯಾನ್ ತಿರುಗಿ ಬರುತ್ತದೆ. “ಕಾವಲುಗಾರ ಗೇಟಿಗೆ ಕೈ ಹಾಕಿದ್ದ ಅಣ್ಣಾ. ಹಾರ್ನ್ ಹೊಡ್ಕೊಂಡೇ ನುಗ್ಗಿದೆ!” ತೆನ್ಮೊಳಿಯ ದನಿ ಈಗ ಹಗುರ. ಅವಳ ಹಿಂದೆ ಮಾರಪ್ಪನ್ ಇಳಿದು, ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು ನಿಲ್ಲುತ್ತಾರೆ.

“ಹಾಲ ಬಟ್ಟೇಲಿ ಸೋಸ್ತೀವಲ್ಲ ತಂಬಿ. ಈ ತಂತೀಲಿ ಇಷ್ಟಿಷ್ಟು ತೂತು ಕಾಣ್ತು. ಒಳ್ಳೇ ಬಿಳೀ ಬಟ್ಟೆ ಆರಿಸಿ, ಒಗೆದು, ಒಣಗಿಸಿ ಇಟ್ಟೆ.”

“ಒಗೆದು ಬೇರೆ ಇಟ್ರಾ!” ರಾಮಲಿಂಗಂ ಜೋರಾಗಿ ನಗುತ್ತಾರೆ. ಸ್ಟೂಲ್ ಹಾಕಿ ಕೂರಿಸಿ, ಜಾಲರಿಯ ಸುರುಳಿಯೊಂದನ್ನು ಕೊಟ್ಟು ಊದಿ ನೋಡಿ ಎನ್ನುತ್ತಾರೆ. ಉಸಿರು ಸಲೀಸಾಗಿ ಆಚೆ ಹೋಗುತ್ತದೆ. ಆಮೇಲೆ ಒದ್ದೆ ಬನಿಯನ್ ಬಟ್ಟೆ ತುರುಕಿದ ಪೈಪಿನ ತುಂಡು. ಮಾರಪ್ಪನ್ ಕೆನ್ನೆ ಉಬ್ಬಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ಊದುತ್ತಾರೆ.

“ಮಾವಾ, ಸಾಕು ಬಿಡಿ, ನಿಮ್ಮ ಕಡ್ಡಿ ಎದ್ದು ಬಂದಾತು!” ಎನ್ನುತ್ತಾಳೆ ಸೊಸೆ. ಮುದುಕರೂ ನಗುತ್ತಾರೆ.

“ಹಾಕಿ ಅಣ್ಣಾ ಡಬ್ಬೀನ,” ಎನ್ನುತ್ತಾಳೆ ಅವಳೇ.

ಹಾಕಿದ ಮೇಲೆ ರಾಮಲಿಂಗಂ ಮಾರಪ್ಪನ್ ಕೈ ಹಿಡಿದು ಕೆಳಗಿನ ನಲ್ಲಿಯ ಮೇಲಿಡುತ್ತಾರೆ. “ಭಾನುವಾರ ಭಾನುವಾರ ಇದ ತಿರುಗಿಸಿ ಖಾಲಿ ಮಾಡಿ, ತಿರುಗಾ ಮುಚ್ಚಬೇಕು. ಅಮ್ಮಿಣಿಗೆ ಪುರುಸೊತ್ತಿರಲ್ಲ. ಇದು ನಿಮ್ಮ ಕೆಲಸ.” ಮಾರಪ್ಪನ್ ನಲ್ಲಿಯನ್ನು ತಿರುಗಿಸಿ, ಮುಚ್ಚಿ, ಬಿಗಿಯಾಯಿತೇ ಎಂದು ಇನ್ನೊಮ್ಮೆ ಮುಟ್ಟಿ ನೋಡುತ್ತಾರೆ.

ಅವರು ಹೋದ ಮೇಲೆ ರಾಮಲಿಂಗಂ ಅವರನ್ನು ಏನಾದರೂ ಆಸೆ ಉಂಟೇ ಎಂದು ಕೇಳಿದರೆ, ಕೈ ಒರೆಸಿಕೊಳ್ಳುತ್ತಾರೆ.

“ಆ ವ್ಯಾನಿನ ಹೆಂಗಸ್ರು ಕೋಳಿ ಕೂಗೋ ಮುಂಚೆ ಎದ್ದು, ಅಡುಗೆ ಮುಗಿಸಿ ಹತ್ತೋರು. ಕೂತ ಕೂಡ್ಲೆ ನಿದ್ದೆ ಹಿಡೀತದೆ. ಇವತ್ತು ನಿದ್ದೆ ಕೆಟ್ಟೋಯ್ತು ಪಾಪ. ನಾಳೆ ಒಬ್ರ ಹೆಗಲ ಮೇಲೆ ಒಬ್ರು ಮಲಗ್ಲಿ. ಕಂಪನಿ ಬಂತು ಅಂತ ತೆನ್ಮೊಳಿ ಕೂಗಿ ಎಬ್ಬಿಸಬೇಕು, ಹಂಗೆ ಮಲಗ್ಲಿ.”