ವತ್ಸಲಾ ಅಂಟಿಸಿದ ಟೇಪು

ಅಮೆರಿಕದ ಮಿಷಿಗನ್ನಿನ ಟ್ರಾಯ್ ಊರಿನ ಒಂದು ಟೆಸ್ಟಿಂಗ್ ಲ್ಯಾಬಿನಲ್ಲಿ ವತ್ಸಲಾ ಹದಿನೆಂಟು ವರ್ಷದಿಂದ ಎಂಜಿನಿಯರ್. ಟ್ರಕ್ಕಿನ ಬ್ರೇಕ್ ಪೈಪನ್ನು ಹಿಡಿದಿಡುವ ಬೆರಳುದ್ದದ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಫ್ರೀಜರಿನಂಥ ಚೇಂಬರಿನಲ್ಲಿ ಕೊರೆಯುವ ಚಳಿಗಿಟ್ಟು, ಆಮೇಲೆ ಅಲುಗಾಡಿಸಿ, ಮುರಿಯುತ್ತವೋ ಇಲ್ಲವೋ ನೋಡುವುದು ಅವಳ ಕೆಲಸ. ಮೈಸೂರಿನ ನೆಂಟರು ಕೇಳಿದರೆ, "ಸಾಮಾನು ಮುರೀತೀನಿ, ಅದಕ್ಕೇ ಸಂಬಳ ಕೊಡ್ತಾರೆ" ಎನ್ನುತ್ತಿದ್ದಳು.

ಹಳೆಯ ಮ್ಯಾನೇಜರ್ ಇದ್ದಾಗ ಬೆಳಿಗ್ಗೆ ಏಳೂವರೆಗೆ ಹನ್ನೆರಡು ಜನವೂ ಕಾಫಿ ಹಿಡಿದು ನಿಂತು, ಹಿಂದಿನ ದಿನದ ಎಡವಟ್ಟುಗಳನ್ನು ಹೇಳಿಕೊಳ್ಳುತ್ತಿದ್ದರು. ನಗು, ತಮಾಷೆ, ಆಮೇಲೆ ರಿಪೇರಿ. ೨೦೦೯ರ ಜನವರಿಯಲ್ಲಿ ಕಂಪನಿಯನ್ನು ಬೇರೆಯವರು ಕೊಂಡರು. ಆ ಹಳೆಯ ಮ್ಯಾನೇಜರ್ ಪುಣ್ಯಾತ್ಮ ತನ್ನ ಸಾಮಾನನ್ನು ಒಂದು ರಟ್ಟಿನ ಡಬ್ಬಕ್ಕೆ ತುಂಬಿಕೊಂಡು ಹೊರಟುಹೋದ. ಹೊಸ ಮ್ಯಾನೇಜರ್ ಬಂದವನೇ ಘೋಷಿಸಿದ: ಏಪ್ರಿಲ್‌ನಲ್ಲಿ ಜನ ಕಡಿಮೆ ಮಾಡಬೇಕು, ಯಾರು ಎಷ್ಟು ತಪ್ಪು ಮಾಡುತ್ತಾರೆಂದು ಬರೆದಿಡುತ್ತೇನೆ, ಹೆಚ್ಚು ತಪ್ಪಿನವರು ಮೊದಲು ಹೊರಗೆ. ಎಂಥಾ ಜಾಣ! ಮಾರನೆಯ ದಿನದಿಂದ ಆ ಲ್ಯಾಬಿನಲ್ಲಿ ತಪ್ಪುಗಳೇ ನಿಂತುಹೋದವು. ಅಂದರೆ ಯಾರೂ ಬಾಯಿಬಿಡಲಿಲ್ಲ, ಅಷ್ಟೆ. ಪಕ್ಕದ ಮೆಷಿನ್ ಕಿರುಗುಟ್ಟಿದರೂ ತಲೆಯೆತ್ತದೆ, ಐದು ಹೊಡೆಯುತ್ತಲೇ ಕಾರು ಹತ್ತುತ್ತಿದ್ದರು.

ಫೆಬ್ರವರಿಯಲ್ಲಿ, ಮುಚ್ಚಿಹೋದ ಇನ್ನೊಂದು ಲ್ಯಾಬಿನಿಂದ ಒಂದು ಚೇಂಬರ್ ಬಂತು. ಟ್ರಕ್ ಕಂಪನಿ ಕೇಳಿದ್ದು ಮೈನಸ್ ಇಪ್ಪತ್ತು ಫ್ಯಾರನ್‌ಹೀಟ್. ವತ್ಸಲಾ ಮೈನಸ್ ಇಪ್ಪತ್ತು ಒತ್ತಿದಳು. ಎಂಟು ಕ್ಲಿಪ್ಪೂ ಪಾಸಾಗಿ ರಿಪೋರ್ಟ್ ಹೋಯಿತು. ಮೂರು ದಿನದ ಮೇಲೆ ಗಾಜು ಒರೆಸುವಾಗ ಅಂಕಿಯ ಪಕ್ಕದಲ್ಲಿ ಪುಟ್ಟದೊಂದು 'ಸಿ' ಕಂಡಿತು. ಆ ಚೇಂಬರ್ ಸೆಲ್ಸಿಯಸ್ಸಿನದು! ಅಂಕಿ ಒಂದೇ ಆದರೂ ಮೈನಸ್ ಇಪ್ಪತ್ತರಲ್ಲಿ ಫ್ಯಾರನ್‌ಹೀಟ್‌ನ ಚಳಿ ಅದಕ್ಕಿಂತ ಎಷ್ಟೋ ಕಟು; ಕ್ಲಿಪ್ಪುಗಳಿಗೆ ಕೇಳಿದಷ್ಟು ಚಳಿ ತಾಗಿಯೇ ಇರಲಿಲ್ಲ. ಮೈಸೂರಿನಲ್ಲಿ ಸೆಲ್ಸಿಯಸ್ಸಿನಲ್ಲೇ ಎಂಜಿನಿಯರಿಂಗ್ ಓದಿದವಳಿಗೆ ಮಿಷಿಗನ್ನಿನ ಹದಿನೆಂಟು ಚಳಿಗಾಲಗಳು ಅದನ್ನು ಮರೆಸಿಬಿಟ್ಟಿದ್ದವು.

ಅವಳ ಗಂಡ ಶ್ಯಾಮ್‌ಗೆ ಹತ್ತಿರದ ಆಬರ್ನ್ ಹಿಲ್ಸ್ ಊರಿನಲ್ಲಿದ್ದ ಕೆಲಸ ಡಿಸೆಂಬರ್‌ನಲ್ಲೇ ಹೋಗಿತ್ತು. ಕ್ಯಾಂಟನ್ ಊರಿನಲ್ಲಿದ್ದ ಅವರ ಮನೆ ನಡೆಯುತ್ತಿದ್ದುದು ಇವಳೊಬ್ಬಳ ಸಂಬಳದಲ್ಲಿ. ಊಟದ ಹೊತ್ತಿಗೆ ಕಾರಿನಲ್ಲಿ ಕೂತು ಅವನಿಗೆ ಫೋನ್ ಮಾಡಿದಳು.

"ರೀ, ನಾನು ಹೇಳ್ದೆ ಇದ್ರೆ ಯಾರಿಗೂ ಗೊತ್ತಾಗಲ್ಲ. ಹೇಳಿದ್ರೆ ಲಿಸ್ಟ್‌ನಲ್ಲಿ ನನ್ನ ಹೆಸರೇ ಫಸ್ಟು."

"ಆ ಟ್ರಕ್ಕನ್ನ ಯಾರೋ ಡ್ರೈವ್ ಮಾಡ್ತಾರಲ್ವ ವತ್ಸಲಾ? ಹೇಳ್ಬಿಡು. ನಾನೂ ನಾಲ್ಕು ಕಡೆ ಅಪ್ಲೈ ಮಾಡಿದೀನಿ."

ನಾಲ್ಕರಲ್ಲಿ ಒಂದು ಕಡೆಯಿಂದಲೂ ಉತ್ತರ ಬಂದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಏಳೂವರೆಗೆ, ಯಾರೂ ಕರೆಯದಿದ್ದರೂ, ವತ್ಸಲಾ ಕಾಫಿ ಹಿಡಿದು ಹಳೆಯ ಜಾಗದಲ್ಲೇ ನಿಂತಳು. ಮ್ಯಾನೇಜರ್ ಸಮೇತ ಎಲ್ಲರೆದುರು ನಡೆದದ್ದನ್ನೆಲ್ಲ ಹೇಳಿದಳು. ಅವನು ತಪ್ಪಿನ ಪುಸ್ತಕದಲ್ಲಿ ಗುರುತು ಹಾಕಿಕೊಂಡ. ಅವಳು ಒಂದು ತುಂಡು ಟೇಪು ಹರಿದು, "ಇದು ಸೆಲ್ಸಿಯಸ್. ಇಲ್ಲಿ ನಾನು ತಪ್ಪಿದ್ದೆ. ವತ್ಸಲಾ" ಎಂದು ಇಂಗ್ಲಿಷಿನಲ್ಲಿ ಬರೆದು ಚೇಂಬರಿಗೆ ಅಂಟಿಸಿದಳು. ಆಮೇಲೆ ಟ್ರಕ್ ಕಂಪನಿಗೂ ತಾನೇ ಫೋನ್ ಮಾಡಿದಳು. ಎದೆಗಾರಿಕೆ ಎಂದರೆ ಇದು.

ಅರ್ಧ ಗಂಟೆಯಲ್ಲಿ, ಅದೇ ಲ್ಯಾಬಿನಲ್ಲಿ ಕೆಲಸ ಮಾಡುವ ರಾಯಚೂರಿನ ತಿರುಮಲೇಶ ಅವಳ ಟೇಬಲ್ಲಿನ ಹತ್ತಿರ ಬಂದ. ಕ್ಲಿಪ್ಪು ಅಲುಗಾಡಿಸುವ ಮೆಷಿನ್ ನೋಡಿಕೊಳ್ಳುವವನು ಅವನು.

"ಮೇಡಂ, ನಂದೂ ಒಂದ್ ಐತ್ರಿ. ನನ್ ಮಷೀನ್ ಬೋಲ್ಟ್ ಸಡ್ಲ ಆಗಿ ಹದಿನೈದ್ ದಿನಾತು. ಅಂಜಿ ಸುಮ್ನಿದ್ದೆ."

"ಬನ್ನಿ, ಬಿಗಿ ಮಾಡೋಣ," ಎಂದಳು ವತ್ಸಲಾ.

ಮಧ್ಯಾಹ್ನದೊಳಗೆ ಇನ್ನೂ ನಾಲ್ವರು ಬಾಯಿಬಿಟ್ಟರು. ಸರಿಯಾದ ಚಳಿಯಲ್ಲಿ ಮತ್ತೆ ಟೆಸ್ಟ್ ಮಾಡಿದಾಗ ಎಂಟರಲ್ಲಿ ಮೂರು ಕ್ಲಿಪ್ಪು ಸೀಳಿಹೋದವು. ಆವತ್ತು ಐದು ಹೊಡೆದದ್ದನ್ನು ಯಾರೂ ಗಮನಿಸಲೇ ಇಲ್ಲ. ಅವು ಸೀಳಿದ್ದೇಕೆಂದು ಹುಡುಕಲು ಹನ್ನೆರಡು ಜನವೂ ಹಟಕ್ಕೆ ಬಿದ್ದು ದುಡಿದರು. ಒಂಬತ್ತು ದಿನದಲ್ಲಿ, ಆ ದೋಷ ತಿದ್ದಿ ಮಾಡಿಸಿದ ಹೊಸ ಕ್ಲಿಪ್ಪು ನಿಜವಾದ ಚಳಿಯಲ್ಲೇ ಪಾಸಾಯಿತು.

ಏಪ್ರಿಲ್ ಬಂತು. ಮ್ಯಾನೇಜರ್ ಏಳೂವರೆಗೆ ಬಂದು ಅವರ ನಡುವೆಯೇ ನಿಂತ. ಟ್ರಕ್ ಕಂಪನಿ ಮುಂದಿನ ಕೆಲಸವನ್ನೂ ಇಲ್ಲಿಗೇ ಕೊಟ್ಟಿದೆ, ತನ್ನ ತಪ್ಪನ್ನು ತಾನೇ ಫೋನ್ ಮಾಡಿ ಹೇಳಿದ ಲ್ಯಾಬ್ ಇದೊಂದೇ ಅಂತೆ, ಇಲ್ಲಿಂದ ಯಾರೂ ಹೋಗಬೇಕಿಲ್ಲ ಎಂದ. ಆಮೇಲೆ ವತ್ಸಲಾಳ ಹತ್ತಿರ ಟೇಪು ಕೇಳಿ ಪಡೆದು, "ತಪ್ಪುಗಳನ್ನು ಎಣಿಸಿದ್ದು ನನ್ನ ತಪ್ಪು" ಎಂದು ಬರೆದು ತನ್ನ ಬಾಗಿಲಿಗೆ ಅಂಟಿಸಿದ. ಅಷ್ಟರಮಟ್ಟಿಗೆ ಅವನನ್ನೂ ಮೆಚ್ಚಲೇಬೇಕು.

ವತ್ಸಲಾ ಕಾರಿಗೆ ಹೋಗಿ ಫೋನ್ ಮಾಡಿದಳು. "ರೀ, ನನ್ನ ಹೆಸರಿಲ್ಲ. ಯಾರ ಹೆಸರೂ ಇಲ್ಲ."

ಶ್ಯಾಮ್ ಫೋನಿನಲ್ಲೇ ಅತ್ತುಬಿಟ್ಟ.