ರೀಲಿನ ಕಡೆಯ ಫೋಟೋ

ಗಣಿಯವರ ಹೆಲಿಕಾಪ್ಟರ್ ಗುಡೇಕೋಟೆ ಗುಡ್ಡದ ಮೇಲೆ ತೀರಾ ಕೆಳಗೆ ಹಾರುತ್ತದೆಂದು ಕೇಳಿ, ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಹಿಡಿದು ಬಂಡೆ ಹತ್ತಿ ಕೂತಿದ್ದೆ. ಬೆಳಗಿನಿಂದ ಬರೀ ಗುಡ್ಡಗಳನ್ನು ತೆಗೆದು, ರೀಲಿನಲ್ಲಿ ಹೆಲಿಕಾಪ್ಟರಿಗೆಂದು ಒಂದೇ ಫೋಟೋ ಉಳಿದಿತ್ತು.

ಹಿಂದಿನಿಂದ ಯಾರೋ ಕೆಮ್ಮಿದರು. ತಿರುಗಿದರೆ ನಾಲ್ಕು ಜನ ಕುರಿ ಕಾಯುವವರು. ಮುಂದಿದ್ದ ಅಜ್ಜನ ಹೆಗಲ ಮೇಲೆ ಕೊಡಲಿ.

"ಯಾವ ಕಂಪ್ನಿಯವನಪಾ ನೀನು?"

"ಕಂಪ್ನಿ ಇಲ್ರಿ ಅಜ್ಜಾ, ಫೋಟೋ ತೆಗಿಯೋ ಹುಚ್ಚು ಅಷ್ಟ."

"ಸುಮ್ನ ಯಾರರ ರೊಕ್ಕ ಸುಡ್ತಾರೇನು? ಹಿಂದ ಒಬ್ಬಾವ ಹಿಂಗ ಗುಡ್ಡದ ಫೋಟೋ ತಕ್ಕೊಂಡು ಹೋದ. ಅವನ ಬೆನ್ನಿಗೇ ಗುಡ್ಡ ಅಗಿಯೋ ಮಷೀನು ಬಂದ್ವು."

ನಾನು ಸುತ್ತ ನೋಡಿದೆ. ಕೂಗಿದರೆ ಕೇಳುವವರು ಯಾರೂ ಇರಲಿಲ್ಲ. ಅಜ್ಜ ಸೊಂಟದ ಚೀಲದಿಂದ ಮೈಲಾರಲಿಂಗನ ಭಂಡಾರದ ಅರಿಶಿನ ತೆಗೆದು ನನ್ನ ಅಂಗೈಗೆ ಹಾಕಿದ.

"ಆಣಿ ಮಾಡು."

ಅರಿಶಿನ ಉದುರದಂತೆ ಮುಷ್ಟಿ ಹಿಡಿದೆ. "ನಾ ಗಣಿಯವ ಅಲ್ರಿ, ಮೈಲಾರಲಿಂಗನ ಆಣಿ" ಎಂದೆ. ಅಜ್ಜ ಕೊಡಲಿ ಇಳಿಸಿದ.

"ಹಂಗಾರ ನಮ್ದೊಂದು ಫೋಟೋ ತೆಗಿ."

ಇಲ್ಲ ಎನ್ನುವ ಧೈರ್ಯ ನನಗೆಲ್ಲಿತ್ತು? ನಾಲ್ವರೂ ಸಾಲಾಗಿ ನಿಂತರು. ನಾನು ಗುಂಡಿ ಒತ್ತುವುದಕ್ಕೂ ಹೆಲಿಕಾಪ್ಟರ್ ನೆತ್ತಿಯ ಮೇಲೆ ಬರುವುದಕ್ಕೂ ಸರಿಹೋಯಿತು.

ತೊಳೆಸಿದ ಫೋಟೋದಲ್ಲಿ ಹೆಲಿಕಾಪ್ಟರ್ ಇಲ್ಲ. ನಾಲ್ಕೂ ಮುಖ ಮೇಲೆ ನೋಡುತ್ತಿವೆ. ಅಜ್ಜನ ಮುಖದಲ್ಲಿರುವ ಹೆದರಿಕೆ ಸ್ವಲ್ಪ ಮುಂಚೆ ನನ್ನ ಮುಖದಲ್ಲಿದ್ದದ್ದೇ. ಪಾಪ, ಹೆಲಿಕಾಪ್ಟರಿನಲ್ಲಿ ಕೂತವನ ಅಂಗೈಗೆ ಭಂಡಾರ ಹಾಕಿ ಆಣೆ ಮಾಡಿಸುವುದೆಲ್ಲಿ ಬಂತು!