ನೋ ಮೆಡಿಸಿನ್ಸ್, ಸರ್

ಬ್ಲೌಸಿನ ಹುಕ್ ಕಿತ್ತುಬಂದಿತ್ತು ಅಂತ ಹೊಲಿಗೆ ಸಾಮಾನಿನ ಬಿಸ್ಕತ್ ಡಬ್ಬಿ ತೆಗೆದೆ. ತಳದಲ್ಲಿ, ಬಟನ್ನುಗಳ ಕೆಳಗೆ, ಕೈಗೆ ಸಿಕ್ಕಿದ್ದು ಒಂದು ರಿಬ್ಬನ್ ಹೂ. ಕೆಂಪು ಸ್ಯಾಟಿನ್ನು, ನಡುವೆ ರಟ್ಟಿನ ಬಿಲ್ಲೆ, ಅದರ ಮೇಲೆ ಟೈಪ್ ಮಾಡಿದ ನನ್ನ ಹೆಸರು, ಹಿಂದೆ ತುಕ್ಕು ಹಿಡಿದ ಪಿನ್ನು. ನನ್ನ ವಯಸ್ಸಿನವರಿಗೆ ನೆನಪಿರಬಹುದು, ಆಗೆಲ್ಲ ಸೆಮಿನಾರು ಅಂತ ಯಾವುದಕ್ಕೆ ಹೋದರೂ ಬಾಗಿಲಲ್ಲೇ ಇಂಥದ್ದೊಂದನ್ನು ಎದೆಗೆ ಚುಚ್ಚಿ ಒಳಗೆ ಬಿಡುತ್ತಿದ್ದರು. ಹುಡುಗಿಯ ಕಡೆಯವರೋ ಹುಡುಗನ ಕಡೆಯವರೋ ಗೊತ್ತಾಗದ ಬೀಗರ ಹಾಗೆ ನಾವೆಲ್ಲ ಓಡಾಡುತ್ತಿದ್ದೆವು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್. ಹಾಗಂದರೆ ಏನು ಕೆಲಸ ಅಂತ ನಮ್ಮ ತಂದೆಗೆ ಸಾಯುವತನಕ ಅರ್ಥವಾಗಲಿಲ್ಲ; ನನಗೂ ಪೂರ್ತಿ ಆಗಿತ್ತು ಅಂತ ಹೇಳಲಾರೆ. ವಯಸ್ಸಾದವರ ಮನಸ್ಸಿಗೂ ಕಾಯಿಲೆ ಬರುತ್ತೆ, ಅದನ್ನು ಡಾಕ್ಟರೊಬ್ಬರೇ ನೋಡಿದರೆ ಸಾಲದು, ನರ್ಸು, ಸೋಶಿಯಲ್ ವರ್ಕರು, ಮನೆಮನೆಗೆ ಹೋಗುವ ಹಳ್ಳಿ ನರ್ಸಮ್ಮ ಎಲ್ಲರೂ ಸೇರಿ ನೋಡಬೇಕು ಅಂತ ನಮಗೆಲ್ಲ ಕಲಿಸುವುದಕ್ಕೆ ಮೂರು ದಿನದ ಟ್ರೈನಿಂಗ್ ಇಟ್ಟಿದ್ದರು. ಗುಬ್ಬಿ, ಕುಣಿಗಲ್ ಕಡೆಯಿಂದಲೂ ಜನ ಬಂದಿದ್ದರು.

ಡಾಕ್ಟರುಗಳಿಗೆ ಕೆಂಪು ರಿಬ್ಬನ್ನು, ಸ್ಟಾಫ್ ನರ್ಸುಗಳಿಗೆ ನೀಲಿ. ನನಗೆ ಯಾವುದು ಅಂತ ಮೇಜಿನ ಹಿಂದಿದ್ದ ಕ್ಲರ್ಕಿಗೆ ಗೊಂದಲ. ನಾನು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಸ್ಟೈಲಿನಲ್ಲಿ ಗುಡ್ ಮಾರ್ನಿಂಗ್ ಅಂದೆ. ಅವನು ಕೆಂಪು ಕೊಟ್ಟ. ಹಳ್ಳಿ ನರ್ಸಮ್ಮಂದಿರು ಬಸ್ಸಿಳಿದು ಬರುವ ಹೊತ್ತಿಗೆ ರಿಬ್ಬನ್ನು ಮುಗಿದುಹೋಗಿತ್ತು.

ಪಾಠ ಹೇಳಲು ಬಂದಿದ್ದ ಬೆಂಗಳೂರಿನ ಡಾಕ್ಟರು ಒಳ್ಳೆಯವರು. ಬೇರೆ ರಾಜ್ಯದವರು, ಅವರ ಕನ್ನಡ 'ಊಟ ಆಯ್ತಾ' ಎಂಬಲ್ಲಿಗೆ ನಿಲ್ಲುತ್ತಿತ್ತು. ವೇದಿಕೆ ಬೇಡ, ಕುರ್ಚಿಗಳನ್ನು ರೌಂಡಾಗಿ ಹಾಕಿ, ಇಲ್ಲಿ ಮೇಲು ಕೀಳು ಇಲ್ಲ, ವಿ ಆರ್ ಎ ಟೀಮ್ ಅಂದರು. ಹಾಕಿದೆವು. ಟೀ ಬ್ರೇಕ್ ಮುಗಿದು ಬಂದು ನೋಡಿದರೆ ಆ ರೌಂಡು ತನ್ನಷ್ಟಕ್ಕೆ ತಾನೇ ಕರಗಿತ್ತು. ಡಾಕ್ಟರುಗಳು ಫ್ಯಾನಿನ ಕೆಳಗೆ, ಸ್ಟಾಫ್ ನರ್ಸುಗಳು ಕಿಟಕಿ ಪಕ್ಕ, ನರ್ಸಮ್ಮಂದಿರು ಬಾಗಿಲ ಹತ್ತಿರದ ಬೆಂಚಿನ ಮೇಲೆ. ಟೀ ಕೂಡ ಹಾಗೇ ಬಂತು, ನಮಗೆ ಕಪ್ ಸಾಸರು, ಬೆಂಚಿನವರಿಗೆ ಸ್ಟೀಲ್ ಲೋಟ. ಯಾರೂ ಹೇಳಿ ಮಾಡಿಸಿದ್ದಲ್ಲ. ನಾನು ಸಾಸರು ಹಿಡಿದೇ ಹೋಗಿ ಫ್ಯಾನಿನ ಕೆಳಗೆ ಕೂತೆ, ಅದನ್ನೂ ಹೇಳಿಬಿಡುತ್ತೇನೆ.

ಎರಡನೆಯ ದಿನ ಒಬ್ಬ ಪೇಷೆಂಟನ್ನು ಕರೆಸಿದ್ದರು. ಗುಬ್ಬಿಯ ಜೈನಬಿ, ಎಪ್ಪತ್ತು ದಾಟಿದವರು. ಸೈಕಲ್ ಶಾಪ್ ಇಟ್ಟಿದ್ದ ಮಗ ರಿಯಾಜ್ ಕೈಹಿಡಿದು ಕರೆತಂದು ನಮ್ಮೆಲ್ಲರ ನಡುವಿನ ಕುರ್ಚಿಯಲ್ಲಿ ಕೂರಿಸಿದ. ಹೋದ ರಂಜಾನಿಗೆ ಬೀದಿಗೆಲ್ಲ ಶೀರ್ ಖುರ್ಮಾ ಮಾಡಿ ಹಂಚಿದ್ದ ಹೆಂಗಸು ಆಕೆ. ಒಂದು ತಿಂಗಳಿಂದೀಚೆಗೆ ಮಗನನ್ನೇ ಯಾರು ಅಂತ ಕೇಳುತ್ತಿದ್ದರಂತೆ, ರೈಲ್ವೆ ಗೇಟಿನ ತನಕ ಒಬ್ಬರೇ ಹೋಗಿ ನಿಲ್ಲುತ್ತಿದ್ದರಂತೆ. ನಮ್ಮೆದುರಿಗೇ ಗಾಳಿಯಲ್ಲಿ ಏನನ್ನೋ ಆರಿಸಿ ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಬಾಯಿ ಒಣಗುತ್ತೆ ಅಂತ ಮೇಲಿಂದ ಮೇಲೆ ನೀರು ಕೇಳಿದರು. ಇವತ್ತು ಯಾವ ವಾರ ಅಂತ ಬೆಂಗಳೂರಿನ ಡಾಕ್ಟರು ನನ್ನ ಮೂಲಕ ಕೇಳಿಸಿದರೆ, ಆಕೆ ಅವರನ್ನೇ ದಿಟ್ಟಿಸಿ, ಊಟ ಆಯ್ತಾ ಬೇಟಾ ಅಂದರು. ಅಷ್ಟು ಹೊತ್ತಿನಲ್ಲಿ ಅನುವಾದ ಬೇಕಾಗದೆ ಡಾಕ್ಟರಿಗೆ ಅರ್ಥವಾದ ಒಂದೇ ಮಾತು ಅದು. ಎಲ್ಲರೂ ನಕ್ಕರು. ರಿಯಾಜ್ ನೆಲ ನೋಡಿದ.

ತೀರ್ಮಾನವಾಗಬೇಕಿದ್ದದ್ದು ಇಷ್ಟೇ: ಈಕೆಯದು ವಯಸ್ಸಿನ ಜೊತೆ ಬಂದ, ಮತ್ತೆ ವಾಪಸ್ ಹೋಗದ ಮರೆವೋ, ಅಥವಾ ಸರಿಹೋಗುವಂಥದ್ದೋ. ರಿಯಾಜ್ ಕೆಲಸ ಬಿಟ್ಟು ಬಸ್ಸು ಹತ್ತಿ ಬಂದದ್ದು ಅದನ್ನು ತಿಳಿಯುವುದಕ್ಕೇ.

ಆಕೆಯ ಮನೆಗೆ ಹೋಗಿಬರುತ್ತಿದ್ದ ನರ್ಸಮ್ಮ ಗಂಗಮ್ಮನನ್ನು ಎಬ್ಬಿಸಿ ನಿಲ್ಲಿಸಿದರು. ನಿಟ್ಟೂರಿನವಳು, ನನ್ನ ವಯಸ್ಸಿನವಳೇ. ಅವಳು ಕನ್ನಡದಲ್ಲಿ ಹೇಳಬೇಕು, ನಾನು ಇಂಗ್ಲಿಷಿಗೆ ಹಾಕಬೇಕು. ಫ್ಯಾನಿನ ಕೆಳಗಿದ್ದ ಡಾಕ್ಟರುಗಳಿಗೆಲ್ಲ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅವಳು ಮಾತಾಡುವಾಗ ಅವರು ಟ್ರಾನ್ಸ್‌ಫರ್ ವಿಷಯ ಪಿಸುಗುಟ್ಟುತ್ತಿದ್ದರು, ನಾನು ಬಾಯಿ ತೆರೆದಾಗ ಸುಮ್ಮನಾಗಿ ಕೇಳುತ್ತಿದ್ದರು. ಕನ್ನಡ ಅಂದರೆ ಇಂಟರ್‌ವಲ್.

ಗಂಗಮ್ಮ ಹೇಳುವುದನ್ನೆಲ್ಲ ಬುಡದಿಂದ ಹೇಳುವವಳು. ಜೈನಬಿಯ ಸೊಸೆಯ ಬಾಣಂತನದಿಂದ ಶುರುಮಾಡಿದಳು. ಅಲ್ಲಿಂದ ಪಕ್ಕದ ಮನೆಯ ಕೊಳಾಯಿ ಜಗಳಕ್ಕೆ ಹೋದಳು. ನಾನು ಐದು ನಿಮಿಷದ ಮಾತನ್ನು ಎರಡು ವಾಕ್ಯ ಮಾಡಿ ಕೊಡುತ್ತಿದ್ದೆ. ಬೆಂಗಳೂರಿನ ಡಾಕ್ಟರು ನನ್ನ ಕಡೆ ನೋಡಿ, ಬ್ಯೂಟಿಫುಲಿ ಸಮರೈಸ್ಡ್ ಅಂದರು. ಸ್ಕೂಲಿನಲ್ಲಿ, ಉದ್ದದ್ದನ್ನು ಚಿಕ್ಕದು ಮಾಡಿ ಬರೆಯುವ ಪ್ರೆಸಿ ರೈಟಿಂಗಿಗೆ ಪ್ರೈಜ್ ತಗೊಂಡವಳು ನಾನು. ಆ ಹೊಗಳಿಕೆ ಕಿವಿಯವರೆಗೆ ಬಿಸಿಯಾಗಿ ಏರಿತು. ಗಂಟೆ ಒಂದಾಗಿತ್ತು. ಹೊರಗೆ ಊಟದ ಪಾತ್ರೆಗಳ ಸದ್ದು.

ಡಾಕ್ಟರು ಕೊನೆಯದಾಗಿ ಈಕೆ ಯಾವುದಾದರೂ ಔಷಧಿ ತಗೊಳ್ಳುತ್ತಿದ್ದಾರಾ ಅಂತ ಕೇಳಿ ಅಂದರು. ಕೇಳಿದೆ.

"ಮಾತ್ರೆ ಗೀತ್ರೆ ಏನೂ ಇಲ್ಲ ಮೇಡಂ," ಅಂದಳು ಗಂಗಮ್ಮ. "ಕಣ್ಣಿಗೆ ಡ್ರಾಪ್ಸ್ ಬಿಡ್ತವ್ರೆ ಅಷ್ಟೆ, ಕ್ಯಾಂಪಲ್ಲಿ ಪೊರೆ ತೆಗ್ದಾಗಿಂದ. ನಡುವೆ ಒಂದ್ಸಲ ಬಾಟ್ಲಿ ಮುಗ್ದು ನಾಕು ದಿನ ಬಿಟ್ಟಿರ್ಲಿಲ್ಲ. ಆಗ ಅಜ್ಜಿ ಸರಿಯಾಗೇ ಇತ್ತು ಮೇಡಂ, ನನ್ನ ಮಕ್ಕಳ ಹೆಸರೆಲ್ಲಾ ಹಿಡ್ದು ಕೇಳ್ತು. ಹೊಸ ಬಾಟ್ಲಿ ತಂದ್ರು, ಮತ್ತೆ ಶುರು."

ನಾನು ಹೇಳಿದೆ: "ನೋ ಮೆಡಿಸಿನ್ಸ್, ಸರ್."

ಯಾಕೆ ಹಾಗೆ ಹೇಳಿದೆ ಅಂತ ನೀವು ಕೇಳುವ ಮೊದಲು ಸಾವಿರ ಸಲ ನಾನೇ ಕೇಳಿಕೊಂಡಿದ್ದೇನೆ. ಸುಳ್ಳು ಹೇಳಬೇಕು ಅಂತಲ್ಲ. ನನ್ನ ತಲೆಯಲ್ಲಿ ಕಣ್ಣು ಬೇರೆ ಡಿಪಾರ್ಟ್‌ಮೆಂಟು. ನಾವು ಕೂತಿದ್ದದ್ದು ಮನಸ್ಸಿನ ವಿಷಯಕ್ಕೆ. ಕೊಳಾಯಿ ಜಗಳವನ್ನು ಪಕ್ಕಕ್ಕಿಟ್ಟ ಹಾಗೆ ಕಣ್ಣಿನ ಬಾಟ್ಲಿಯನ್ನೂ ಪಕ್ಕಕ್ಕಿಟ್ಟೆ.

ಸೆನೈಲ್ ಡಿಮೆನ್ಷಿಯ ಅಂತ ಡಾಕ್ಟರು ಬೋರ್ಡಿನ ಮೇಲೆ ಬರೆದರು. ನಾವೆಲ್ಲ ಬರೆದುಕೊಂಡೆವು. ವಯಸ್ಸಿನದು, ವಾಸಿ ಆಗಲ್ಲ, ಪ್ರೀತಿಯಿಂದ ನೋಡಿಕೊಳ್ಳಿ ಅಂತ ರಿಯಾಜ್‌ಗೆ ತಿಳಿಸಿ ಹೇಳುವ ಕೆಲಸವೂ ನನಗೇ ಬಂತು. ಅದನ್ನೂ ಚೆನ್ನಾಗಿ ಮಾಡಿದೆ. ಅವನು ಅತ್ತ. ಜೈನಬಿ ಅವನ ಷರ್ಟಿನ ಮೇಲಿಂದ ನಮಗೆ ಕಾಣದ್ದೇನನ್ನೋ ಆರಿಸಿ ತೆಗೆದು ಮಡಿಲಿಗೆ ಹಾಕಿಕೊಂಡರು. ಮೂರನೆಯ ದಿನ ಗ್ರೂಪ್ ಫೋಟೋ ತೆಗೆದು ನಮ್ಮನ್ನೆಲ್ಲ ಟೀಮ್ ಮಾಡಿ ಕಳಿಸಿದರು.

ಎರಡು ವರ್ಷ ಕಳೆದು ಕುಣಿಗಲ್ಲಿನ ಸ್ಕೂಲೊಂದರಲ್ಲಿ ಕಣ್ಣಿನ ಕ್ಯಾಂಪು. ಹೆಸರು ಬರೆಸುವ ಕೆಲಸಕ್ಕೆ ನಾನೂ ಹೋಗಿದ್ದೆ. ಕಾಫಿ ಹೊತ್ತಿನಲ್ಲಿ ಕಣ್ಣಿನ ಡಾಕ್ಟರೊಬ್ಬರು ತಮ್ಮ ಕಷ್ಟ ಹೇಳಿಕೊಳ್ಳುತ್ತಾ, ಪೊರೆ ತೆಗೆದ ಮೇಲೆ ಬಿಡುವ ಒಂದು ಡ್ರಾಪ್ಸ್ ಇದೆ, ಕೆಲವು ಮುದುಕರಿಗೆ ಅದು ಆಗಿಬರಲ್ಲ, ಬಾಯಿ ಒಣಗುತ್ತೆ, ಇಲ್ಲದ್ದೆಲ್ಲ ಕಾಣುತ್ತೆ, ಮನೆಯವರು ಹುಚ್ಚು ಅಂದುಕೊಂಡು ಹೆದರುತ್ತಾರೆ, ನಿಲ್ಲಿಸಿದರೆ ಮೂರು ನಾಲ್ಕು ದಿನಕ್ಕೆ ಸರಿಹೋಗುತ್ತೆ ಅಂದರು. ಸುಮ್ಮನೆ ಬಿಸ್ಕತ್ತು ಅದ್ದುತ್ತಾ ಹೇಳಿದ ಮಾತು.

ಮಾರನೆಯ ದಿನ ಗುಬ್ಬಿಗೆ ಹೋದೆ. ಗಂಗಮ್ಮ ಆಸ್ಪತ್ರೆ ಜಗುಲಿಯಲ್ಲಿ ಕೂತು ರಿಜಿಸ್ಟರು ತುಂಬಿಸುತ್ತಿದ್ದಳು. ಜೈನಬಿ ತೀರಿಹೋಗಿ ವರ್ಷದ ಮೇಲಾಯಿತು ಅಂದಳು. ಎಲ್ಲೆಲ್ಲೋ ಹೋಗಿಬಿಡುತ್ತಾರೆ ಅಂತ ಹಿಂದಿನ ರೂಮಿಗೆ ಚಿಲಕ ಹಾಕಿ ಇಟ್ಟಿದ್ದರು. ಅಲ್ಲೇ ಬಿದ್ದು ಸೊಂಟ ಮುರಿಯಿತು. ಆಮೇಲೆ ಏಳಲಿಲ್ಲ.

ಡ್ರಾಪ್ಸಿನ ವಿಷಯ ಎತ್ತಿದೆ. ಅವಳು ಪೆನ್ನು ಕೆಳಗಿಟ್ಟಳು.

"ನಾನ್ ಅವತ್ತೇ ಹೇಳಿದ್ನಲ್ಲ ಮೇಡಂ. ನೀವು ಇಂಗ್ಲಿಷಲ್ಲಿ ಹೇಳ್ದ್ರಿ, ದೊಡ್ಡ ಡಾಕ್ಟ್ರು ತಲೆ ಆಡ್ಸಿದ್ರು. ಅಷ್ಟು ದೊಡ್ಡೋರು ಕೇಳಿ ಏನೂ ಅನ್ಲಿಲ್ಲ ಅಂದ್ಮೇಲೆ ಅದರಿಂದ ಅಲ್ಲ ಅಂದ್ಕಂಡೆ." ಮತ್ತೆ ಹೇಳಿದಳು, "ಅದಾದ್ಮೇಲೆ ಸೊಸೆ ಡ್ರಾಪ್ಸ್ ಸಾಕು ಅಂತ ಬಿಟ್ಬುಟ್ಟಿದ್ಲು ಮೇಡಂ. ನಾನೇ ಬೈದು, ಹಳೇ ಚೀಟಿ ತೋರ್ಸಿ ಹೊಸ ಬಾಟ್ಲಿ ತರಿಸ್ದೆ. ಡಾಕ್ಟ್ರು ಬೇಡ ಅಂದಿಲ್ಲ ಕಣಮ್ಮಾ, ನೀನ್ಯಾಕೆ ನಿಲ್ಲಿಸ್ತೀಯ ಅಂತ."

ಅವಳ ದನಿಯಲ್ಲಿ ಕೋಪ ಇದ್ದಿದ್ದರೆ ಚೆನ್ನಾಗಿತ್ತು. ಇರಲಿಲ್ಲ. ನಾನು ಹೇಳಿದ್ದು ಎರಡೇ ಪದ, ಅದರಲ್ಲಿ ಡ್ರಾಪ್ಸ್ ಇರಲಿಲ್ಲ ಅಂತ ಅವಳಿಗೆ ಅಲ್ಲೇ ಹೇಳಿದೆ. ಅವಳು ರಿಜಿಸ್ಟರು ಮುಚ್ಚಿ, ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಹೋದಳು. ಮತ್ತೆ ಎಲ್ಲಾದರೂ ಎದುರಾದರೆ ನಮಸ್ಕಾರ ಹೇಳುತ್ತಿದ್ದಳು. ಅಷ್ಟೇ ಹೇಳುತ್ತಿದ್ದಳು.

ರಿಯಾಜ್ ಅಂಗಡಿಗೂ ಹೋದೆ. ಗ್ರೀಸ್ ಕೈ ಒರೆಸಿಕೊಂಡು ಸ್ಟೂಲ್ ಹಾಕಿದ, ಟೀ ತರಿಸಿದ. ನೀವೆಲ್ಲ ಸೇರಿ ಅಷ್ಟು ನೋಡಿದ್ರಿ ಮೇಡಂ, ಅಮ್ಮಿ ಹಣೇಲಿ ಇರ್ಲಿಲ್ಲ ಅಂದ. ಟೀ ಕುಡಿದು ಬಂದೆ. ಅವನಿಗೆ ಹೇಳಲಿಲ್ಲ. ಬೆಂಗಳೂರಿನ ಡಾಕ್ಟರಿಗೆ ಒಂದು ಕಾಗದ ಬರೆದೆ, ತಪ್ಪಿಲ್ಲದ ಇಂಗ್ಲಿಷಿನಲ್ಲಿ. ಪೋಸ್ಟ್ ಮಾಡಲಿಲ್ಲ. ಇನ್ನೂ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿ, ಹಾರ ಹಾಕಿಸಿಕೊಂಡು ರಿಟೈರ್ ಆದೆ. ಆ ಸಮಾರಂಭದಲ್ಲಿ ನನ್ನ ಕಮ್ಯುನಿಕೇಶನ್ನನ್ನು ಹೊಗಳಿದರು.

ಇವತ್ತು ಹುಕ್ಕು ಹೊಲಿಯದೆ ಕೂತಿದ್ದೆ. ಅಡುಗೆ ಮಾಡಿಕೊಡುವ ಹೆಬ್ಬೂರಿನ ಶಾಂತಮ್ಮ ಒಲೆ ಮೇಲೆ ಹಾಲಿಟ್ಟು ತನ್ನ ಅತ್ತೆಗೆ ನಿದ್ದೆ ಬರಲ್ಲ ಅನ್ನುವಲ್ಲಿಂದ ಶುರುಮಾಡಿದಳು. ದಿನಾ ಆದರೆ, ವಿಷಯಕ್ಕೆ ಬಾರೇ ಅನ್ನುತ್ತಿದ್ದೆ. ಇವತ್ತು ಎದ್ದು ಹೋಗಿ ಗ್ಯಾಸ್ ಆರಿಸಿ, ಹೇಳು ಅಂದೆ.

"ಏನ್ ಅಮ್ಮಾ, ಇವತ್ತು ಬೈಯ್ಲೇ ಇಲ್ಲ," ಅಂದಳು.

ಹೇಳು ಅಂದೆ ಮತ್ತೆ. ಅವಳು ಅತ್ತೆಯ ಮಂಡಿನೋವಿಗೆ ಹೋಗಿ, ಮೈದುನನ ಎಮ್ಮೆಗೆ ಹೋಗಿ, ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಆದ ಜಗಳಕ್ಕೆ ಹೋಗಿ, ಮತ್ತೆ ಅತ್ತೆಗೆ ಬಂದಳು. ಅರ್ಧ ಗಂಟೆ ಆಯಿತು. ಅದರಲ್ಲಿ ಏನೂ ಇರಲಿಲ್ಲ. ಎಮ್ಮೆ ಕರು ಹಾಕಿತ್ತು, ಗಲಾಟೆಗೆ ಮುದುಕಿ ನಿದ್ದೆ ಮಾಡಿರಲಿಲ್ಲ, ಅಷ್ಟೇ. ಪೂರ್ತಿ ಕೇಳಿದೆ. ಹಾಲು ಆರಿ ಕೆನೆ ಕಟ್ಟಿತ್ತು.